ಬರಬೇಕಾಗಿದ್ದ ಬಹುಮಾನ

ದಿಲ್‌ಸುಖ್‌ನಗರ, ಹೈದರಾಬಾದ್
12 ಜನವರಿ 2025

ಪ್ರೀತಿಯ ಸಂಯು,

ಅಂಚೆಯವನು ಈ ಲಕೋಟೆ ಕೈಗಿಟ್ಟಾಗ ನೀನು ಗಾಬರಿಯಾಗಿರುತ್ತೀ. ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಬಾಲ್ಕನಿಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಾರೆ. ನಾನು ಊಟದ ಮೇಜಿನ ತುಂಬ ಪುಸ್ತಕ ಹರಡಿಕೊಂಡು ಕೂತಿದ್ದೇನೆ. ನಿನಗೆ ಪತ್ರ ಬರೆಯಲು ಒಂದೇ ಕಾರಣ, ನನ್ನ ಕೈ. ಹೋದ ಸೆಮಿಸ್ಟರಿನ ಪರೀಕ್ಷೆಯಲ್ಲಿ ಅರ್ಧ ದಾರಿಗೇ ಬೆರಳು ಸೆಟೆದುಕೊಂಡವು. ಅಕ್ಕಪಕ್ಕದ ಮಕ್ಕಳು ಹೆಚ್ಚಿನ ಹಾಳೆ ಕೇಳುತ್ತಿದ್ದರೆ ನಾನು ಕೈ ಕೊಡವುತ್ತಿದ್ದೆ. ತಲೆಯಲ್ಲಿ ಉತ್ತರವಿದೆ, ಬೆರಳಿಗೆ ಇಳಿಯುತ್ತಿಲ್ಲ. ಮೂವತ್ತು ವರ್ಷ ಕಿರಾಣಿ ಚೀಟಿ ಬಿಟ್ಟು ಬೇರೇನೂ ಬರೆಯದ ಕೈ ಇದು.

ಅದಕ್ಕೇ ಈ ಉಪಾಯ. ಎಂ.ಎ. ಮುಗಿಯುವವರೆಗೆ ನಿನಗೆ ಕೈಬರಹದ ಪತ್ರ. ನೀನೂ ಕೈಯಲ್ಲೇ ಉತ್ತರ ಬರೆಯಬೇಕು. ನನ್ನ ಓದಿನ ವಿಷಯವನ್ನು ಫೋನಿನಲ್ಲಿ ಎತ್ತಬಾರದು. ಎತ್ತಿದರೆ ಪತ್ರಕ್ಕೆ ಏನೂ ಉಳಿಯುವುದಿಲ್ಲ.

ಕಿರುಪ್ರಬಂಧದ ವಿಷಯ ಕೊನೆಗೂ ಗಟ್ಟಿಯಾಯಿತು. ನಿಮ್ಮಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಕನ್ನಡ ನಾಟಕ ಸಂಘ ಒಂದಿತ್ತಲ್ಲ, ಅದರ ಚರಿತ್ರೆ. ಕರ್ನಾಟಕದ ಮೂಲೆಮೂಲೆಯಿಂದ ನೌಕರಿಗೆ ಬಂದವರೆಲ್ಲ ಸೇರಿ ಕಟ್ಟಿದ ಸಂಘ. ಅಣ್ಣನ ಪಾತ್ರದವನು ಮೈಸೂರು ಕನ್ನಡ, ತಮ್ಮನ ಪಾತ್ರದವನು ರಾಯಚೂರು ಕನ್ನಡ, ಇಬ್ಬರನ್ನೂ ಹೆತ್ತ ತಾಯಿ ಕುಂದಾಪುರದ ಕನ್ನಡ! ಪ್ರೇಕ್ಷಕರಲ್ಲಿ ಅರ್ಧ ಜನ ತೆಲುಗಿನವರು. ಇದನ್ನು ಹೇಳಿದಾಗ ನನ್ನ ಮಾರ್ಗದರ್ಶಿ ಅಂಜುಮ್ ಮೇಡಂ ಮೇಜು ತಟ್ಟಿ ನಕ್ಕರು. "ಇದನ್ನು ಬಿಟ್ಟು ಬೇರೇನನ್ನೂ ಬರೆಯಬೇಡಿ ವನಜಾಜೀ," ಎಂದರು.

ಸಂಘದ ನಾಯಕನಟ ಉಪೇಂದ್ರಣ್ಣ ಸಿಕಂದರಾಬಾದಿನಲ್ಲೇ ಇದ್ದಾರೆ. ಎಪ್ಪತ್ತೈದು ದಾಟಿದೆ, ದನಿ ಮಾತ್ರ ಹಾಗೇ ಇದೆ. ಅವರ ಜೊತೆ ಮೂರು ಮಧ್ಯಾಹ್ನ ಕೂತು ಮಾತು ರೆಕಾರ್ಡ್ ಮಾಡಿಕೊಂಡು ಬಂದೆ.

ಇನ್ನೊಂದು ಸುದ್ದಿ. ಪ್ರಬಂಧ ಇಂಗ್ಲಿಷಿನಲ್ಲಿರಬೇಕು. ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ, ಕುಂಟುತ್ತದೆ. ನನ್ನ ಸಹಪಾಠಿ ಪವನ, ತಾಂಡೂರಿನ ಹುಡುಗ, "ಆಂಟಿ, ಇಷ್ಟ್ಯಾಕ ಕಷ್ಟ ಪಡ್ತೀರಿ, ಎಐ ಐತಲ್ರಿ" ಎಂದು ಫೋನಿನಲ್ಲಿ ತೋರಿಸಿಕೊಟ್ಟ. ರೆಕಾರ್ಡಿಂಗ್ ಹಾಕಿದರೆ ಅದೇ ಅಕ್ಷರಕ್ಕಿಳಿಸಿ ಇಂಗ್ಲಿಷಿನಲ್ಲಿ ಸಾರಾಂಶ ಕೊಡುತ್ತದೆ. ನನ್ನ ಕುಂಟು ವಾಕ್ಯ ಕೊಟ್ಟರೆ ನೇರ ನಿಲ್ಲಿಸಿಕೊಡುತ್ತದೆ. ನನಗಂತೂ ಹೊಸ ಗ್ರೈಂಡರ್ ಬಂದ ದಿನದ ಸಂಭ್ರಮ.

ಕೈ ನೋಯುತ್ತಿದೆ. ಅಂದರೆ ಪತ್ರ ಕೆಲಸ ಮಾಡುತ್ತಿದೆ.

ನಿನ್ನ ಓದುವ ಅವ್ವ,
ವನಜಾ

*

ಯಾದಗಿರಿ
26 ಜನವರಿ 2025

ಅವ್ವಾ,

ಧ್ವಜ ಹಾರಿಸಿ, ಬೂಂದಿ ಲಾಡು ತಿಂದು, ಈಗಷ್ಟೇ ಕಾಲೇಜಿನಿಂದ ಬಂದು ಕೂತಿದ್ದೇನೆ. ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ನನ್ನ ತಾಯಿ ಎಂ.ಎ. ಓದುತ್ತಾಳೆ ಎಂದು ಹೇಳುವಾಗ ಮುಖ ಎಷ್ಟು ದೊಡ್ಡದಾಗುತ್ತದೆ ಗೊತ್ತೇ?

ಆದರೆ ಕೊನೆಯ ಸುದ್ದಿ ಓದಿ ಲಾಡು ಗಂಟಲಲ್ಲೇ ನಿಂತಿತು. ಅವ್ವಾ, ಎಐ ಬೇಡ. ನಾನು ಸಮಾಜಶಾಸ್ತ್ರ ಕಲಿಸುವವಳು, ವಾರಕ್ಕೆ ಎರಡು ಕಟ್ಟು ಅಸೈನ್‌ಮೆಂಟ್ ತಿದ್ದುವವಳು. ಹುಡುಗರು ಒಂದಕ್ಷರ ಓದದೆ ಯಂತ್ರ ಬರೆದುಕೊಟ್ಟಿದ್ದನ್ನು ತಂದಿಡುತ್ತಾರೆ. ಅದಕ್ಕೆ ಈ ವರ್ಷ ಮೊದಲ ದಿನವೇ ಹೇಳಿಬಿಟ್ಟೆ, ಎಐ ಬಳಸಿದರೆ ಸೊನ್ನೆ, ಮಾತಿಲ್ಲ. ಡಿಸೆಂಬರಿನಲ್ಲಿ ರೇಣುಕಾ ಎಂಬ ಹುಡುಗಿಗೆ ಹಾಗೇ ಸೊನ್ನೆ ಕೊಟ್ಟೆ. ಜಾಣೆ. ತನ್ನ ಊರಿನ ಮಹಿಳಾ ಸಂಘದ ಮೇಲೆ ಬರೆದಿದ್ದಳು. ಬೇಸರವಾಯಿತು. ಆದರೆ ನಿಯಮ ಅಂದರೆ ನಿಯಮ.

ನಾಳೆ ನಿನಗೂ ಯಾರಾದರೂ ಹಾಗೆ ಮಾಡಿದರೆ? ನಿನ್ನ ಕುಂಟು ಇಂಗ್ಲಿಷು ಕುಂಟಲಿ ಬಿಡು. ಅದು ನಿನ್ನದು.

ಅಪ್ಪನಿಗೆ ಶೇಂಗಾ ಕಡಿಮೆ ಮಾಡಲು ಹೇಳು.

ಚಿಂತೆಯಲ್ಲಿರುವ ಮಗಳು,
ಸಂಯುಕ್ತಾ

*

ದಿಲ್‌ಸುಖ್‌ನಗರ
9 ಫೆಬ್ರವರಿ 2025

ಪ್ರೀತಿಯ ಸಂಯು,

ನೀನು ಹೇಳಿದ್ದು ಅರ್ಧ ನಿಜವಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ನಿನಗೆ ಖುಷಿಯಾಗಲಿ.

ಯಂತ್ರ ಮಾಡಿಕೊಟ್ಟ ಸಾರಾಂಶದಲ್ಲಿ ಒಂದು ಸಾಲಿತ್ತು. 1986ರ ನಗರಮಟ್ಟದ ಸ್ಪರ್ಧೆಯಲ್ಲಿ ಸಂಘದ 'ಹುಸೇನಸಾಗರದ ಅಳಿಯ' ನಾಟಕಕ್ಕೆ ಮೊದಲ ಬಹುಮಾನ ಬಂತು ಎಂದು. ನಿಮ್ಮಪ್ಪ ಕಾರ್ಖಾನೆ ಸೇರಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಹಾಗಾಗಿ ಮನೆಯಲ್ಲಿ ಯಾರಿಗೂ ಅದರ ಸತ್ಯ ಗೊತ್ತಿಲ್ಲ. ನಾನು ಅದನ್ನೇ ಮೂರನೇ ಅಧ್ಯಾಯದ ಮೊದಲ ಸಾಲು ಮಾಡಿದೆ. ಕರಡನ್ನು ಉಪೇಂದ್ರಣ್ಣನಿಗೂ ಕೊಟ್ಟೆ. ಅವರು ಆ ಪುಟವನ್ನು ಝೆರಾಕ್ಸ್ ಮಾಡಿಸಿ ಮೊಮ್ಮಕ್ಕಳಿಗೆ, ಬೀಗರಿಗೆ, ವಾಕಿಂಗ್ ಗೆಳೆಯರಿಗೆ ಎಲ್ಲ ಹಂಚಿಬಿಟ್ಟರು.

ಅಂಜುಮ್ ಮೇಡಂ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಕೇಳಿದ್ದರು, "ಯಾರು ಹೇಳಿದ್ದು?" ಎಐ ಎಂದೆ. "ನಕ್ಕೋ, ಬೇಡ ವನಜಾಜೀ," ಎಂದರು. "ಅದನ್ನು ಏನಕ್ಕೆ ಬಳಸಿದಿರಿ ಅಂತ ಹೇಳಬಹುದು, ಹೇಳಲೇಬೇಕು. ಆದರೆ ಒಂದು ಸಂಗತಿಗೆ ಅದನ್ನೇ ಸಾಕ್ಷಿ ಅಂತ ನಿಲ್ಲಿಸಬೇಡಿ. ಅದು ಅಲ್ಲಿ ಇರಲಿಲ್ಲ. ಇದ್ದವರು ಉಪೇಂದ್ರ. ಅವರ ಬಾಯಲ್ಲಿ ಏನು ಬಂತೋ ಅದನ್ನು ನೀವೇ ಕೇಳಿ."

ಮನೆಗೆ ಬಂದು ಇಯರ್‌ಫೋನ್ ಹಾಕಿಕೊಂಡು ಕೂತೆ. ಸಂಯು, ಅವರು ಹೇಳಿದ್ದು, "ಫಸ್ಟ್ ಪ್ರೈಜ್ ನಮಗಽ ಬರಬೇಕಾಗಿತ್ತು!" ಬರಬೇಕಾಗಿತ್ತು. ಬಂತು ಅಲ್ಲ. ಅಂದು ಎದುರು ಕೂತಿದ್ದಾಗ ನಗುವಿನಲ್ಲಿ ಕಥೆಯ ಕೊನೆ ನನ್ನ ಕಿವಿಗೂ ಬಿದ್ದಿರಲಿಲ್ಲ. ನಮ್ಮ ಕನ್ನಡದ ಆ ಪುಟ್ಟ ಬಾಲವನ್ನು ಯಂತ್ರ ಕತ್ತರಿಸಿ ಬಹುಮಾನ ಕೊಟ್ಟುಬಿಟ್ಟಿತ್ತು.

ಮರುದಿನವೇ ಸಿಕಂದರಾಬಾದಿಗೆ ಹೋಗಿ ಹೇಳಿದೆ. ಉಪೇಂದ್ರಣ್ಣನ ಮುಖ ಕೆಂಪಾಯಿತು.

"ಮಷೀನು ಸುದ್ದಾ ಒಪ್ಪಿಕೊಂಡೈತಿ ನಮಗ ಬರಬೇಕಂತ. ನಿನಗೇನ ತ್ರಾಸ, ತಂಗಿ?"

"ಸುಳ್ಳಾಗತೈತ್ರಿ ಅಣ್ಣಾರ."

"ಮತ್ತ ನನ್ನ ದನಿ ಮಷೀನಿಗೆ ಹಾಕಬೇಕಾದ್ರ ನನ್ನ ಒಂದ್ ಮಾತು ಕೇಳಿದಿ ಏನು? ಇಲ್ಲ! ತಗದುಬಿಡು. ಬಹುಮಾನನೂ ತಗಿ, ನನ್ನೂ ತಗಿ. ನನ್ನ ಮಾತು ಒಂದೂ ನಿನ್ನ ಪುಸ್ತಕದಾಗ ಇರಬಾರದು."

ಇದು ಮಾತ್ರ ನೆಟ್ಟಗೆ ಎದೆಗೆ ಬಡಿಯಿತು. ನಾನು ಕೇಳಿರಲಿಲ್ಲ. ಅವರಿಲ್ಲದೆ ಮೂರನೇ ಅಧ್ಯಾಯವೇ ಇಲ್ಲ, ಮೂರನೇ ಅಧ್ಯಾಯವಿಲ್ಲದೆ ಪ್ರಬಂಧವೂ ಇಲ್ಲ. ಏಪ್ರಿಲಿಗೆ ಸಲ್ಲಿಸಬೇಕು. ವಾಪಸು ಬರುವಾಗ ಮೆಟ್ರೊದಲ್ಲಿ ನನ್ನ ಮುಖ ನೋಡಿ ಕಾಲೇಜು ಹುಡುಗಿಯೊಬ್ಬಳು ಎದ್ದು ಸೀಟು ಕೊಟ್ಟಳು.

ಹಾಗಂತ ಎಐ ಬಿಡುವುದಿಲ್ಲ. ಬಳಸುತ್ತೇನೆ, ಕೇಳಿ ಬಳಸುತ್ತೇನೆ, ಬಳಸಿದ್ದನ್ನು ಬರೆಯುತ್ತೇನೆ.

ನಿನ್ನ ಪತ್ರದಲ್ಲಿ ಒಂದು ವಿಷಯ ತಿಳಿಯಲಿಲ್ಲ. ಆ ರೇಣುಕಾ ಎಐ ಬಳಸಿದಳು ಎಂದು ನಿನಗೆ ಹೇಗೆ ಗೊತ್ತಾಯಿತು?

ಅವ್ವ

*

ಯಾದಗಿರಿ
15 ಫೆಬ್ರವರಿ 2025

ಅವ್ವಾ,

ಉಪೇಂದ್ರ ಮಾಮಾ ಕರಗುತ್ತಾರೆ. ಚಿಕ್ಕವಳಿದ್ದಾಗ ಅವರ ಸಿಟ್ಟು ನೋಡಿದ್ದೇನೆ. ಚಹಾ ಆರುವಷ್ಟರಲ್ಲಿ ಇಳಿಯುತ್ತದೆ.

ರೇಣುಕಾಳೇ ಬರೆದಿದ್ದಳು. ಕೊನೆಯ ಹಾಳೆಯ ಕೆಳಗೆ, "ಮೊದಲ ಎರಡು ಪ್ಯಾರಾ ಎಐ ಸಹಾಯದಿಂದ ಬರೆದದ್ದು. ಉಳಿದದ್ದು ನಮ್ಮ ಊರಿನಲ್ಲಿ ಕೇಳಿ ಬರೆದದ್ದು" ಎಂದು.

ಪರೀಕ್ಷೆ ಹತ್ತಿರ ಬಂದಿದೆ. ಕೆಲಸ ಬಹಳ.

ಸಂಯುಕ್ತಾ

*

ದಿಲ್‌ಸುಖ್‌ನಗರ
23 ಫೆಬ್ರವರಿ 2025

ಸಂಯು,

ಹೇಳದವರಿಗೆ ಎಷ್ಟು ಕೊಟ್ಟೆ?

ಅವ್ವ

*

ದಿಲ್‌ಸುಖ್‌ನಗರ
16 ಮಾರ್ಚ್ 2025

ಪ್ರೀತಿಯ ಸಂಯು,

ನಿನ್ನ ಉತ್ತರ ಬಂದಿಲ್ಲ. ಫೋನಿನಲ್ಲಿ ಹವೆ, ತರಕಾರಿ, ಅಪ್ಪನ ಬಿಪಿ ಎಲ್ಲ ಮಾತಾಡಿದ್ದೇವೆ. ಇದೊಂದನ್ನು ಇಬ್ಬರೂ ಎತ್ತಲಿಲ್ಲ. ಇರಲಿ. ಈ ಪತ್ರ ಅದಕ್ಕಲ್ಲ. ನಗಿಸಲು ಬರೆಯುತ್ತಿದ್ದೇನೆ.

ಹೋದ ವಾರ ಉಪೇಂದ್ರಣ್ಣನ ಹೆಂಡತಿ ಶಂಕ್ರಮ್ಮಕ್ಕ ಫೋನ್ ಮಾಡಿದರು. "ಮಂಡಕ್ಕಿ ಒಗ್ಗರಣಿ ಹಾಕೀನಿ. ಗಂಡನ್ನ ಕರಕೊಂಡು ಬಾ. ಆ ರೆಕಾರ್ಡಿಂಗನೂ ತಗೊಂಡು ಬಾ," ಅಷ್ಟೇ ಹೇಳಿ ಇಟ್ಟುಬಿಟ್ಟರು. ನಾವು ಹೋದಾಗ ಉಪೇಂದ್ರಣ್ಣ ಪೇಪರಿನ ಹಿಂದೆ ಮುಖ ಮರೆಮಾಡಿ ಕೂತಿದ್ದರು. ನನ್ನನ್ನು ನೋಡಲಿಲ್ಲ. ಶಂಕ್ರಮ್ಮಕ್ಕ ಮಂಡಕ್ಕಿಯ ತಟ್ಟೆ ಮಧ್ಯಕ್ಕಿಟ್ಟು, "ಹಚ್ಚು" ಎಂದರು. ಹಚ್ಚಿದೆ.

ಉಪೇಂದ್ರಣ್ಣನ ದನಿ ಕೋಣೆ ತುಂಬಿತು. ಆ ಸ್ಪರ್ಧೆಯ ಕಥೆ. ಮೂರನೇ ಅಂಕ. ಅಳಿಯ ಮಾವನ ಕಾಲು ಹಿಡಿದು ಅಳಬೇಕು. ನಾನು ಬರೆದುಕೊಂಡಿದ್ದನ್ನೇ ಇಲ್ಲಿ ಇಳಿಸುತ್ತೇನೆ:

"ಅಷ್ಟೊತ್ತಿಗೆ ಕರೆಂಟ್ ಹೋತ್ ನೋಡ್ರಿ. ಕತ್ತಲಂದ್ರ ಕತ್ತಲ. ನಾಟಕ ನಿಲ್ಲಬಾರದಂತ ನಾ ತಡಕಾಡಿ ಒಂದ್ ಕಾಲು ಹಿಡಕೊಂಡೆ, 'ಮಾವಾ, ನಿಮ್ಮ ಮಗಳನ್ನ ಕೈ ಬಿಡಂಗಿಲ್ಲ' ಅಂತ ಗೋಳೋ ಅಂತ ಅತ್ತೆ. ನಮ್ಮವರು ಹಿಂದಿನ ಬಾಗಲಿಂದ ಒಂದ್ ಸ್ಕೂಟರ್ ಒಳಗ ತಂದು ಹೆಡ್‌ಲೈಟ್ ಹಚ್ಚಿದ್ರು. ನೋಡ್ತೀನಿ, ನಾ ಹಿಡದಿದ್ದು ಪೊಲೀಸ್ ಪಾತ್ರದಾಂವನ ಕಾಲು! ಅಂವ ಸುಮ್ನಿರಬೇಕೋ ಬ್ಯಾಡೋ? ಲಾಠಿ ಎತ್ತಿ, 'ತಮ್ಮಾ, ನಿಮ್ಮ ಮಾವ ಆ ಕಡೆ ಅದಾನ, ಇದು ಸರ್ಕಾರಿ ಕಾಲು' ಅಂದ. ಜನಾ ನಕ್ಕರು, ನಕ್ಕರು, ನಗೂದು ನಿಲ್ಲಸವಲ್ಲರು. ಆ ನಗಿಯೊಳಗಽ ನಮ್ಮ ಟೈಮ್ ಮುಗದ್ಹೋತು. ಟೈಮ್ ಮೀರಿತಂತ ಲಿಸ್ಟಿನಿಂದಽ ತಗದುಬಿಟ್ರು. ಫಸ್ಟ್ ಪ್ರೈಜ್ ನಮಗಽ ಬರಬೇಕಾಗಿತ್ತು!"

ನಿಮ್ಮಪ್ಪ ಮಂಡಕ್ಕಿ ಗಂಟಲಿಗೆ ಸಿಕ್ಕು ಕೆಮ್ಮತೊಡಗಿದರು. ಪೇಪರು ಮೆಲ್ಲಗೆ ಅಲುಗುತ್ತಿತ್ತು. ಉಪೇಂದ್ರಣ್ಣ ಅದರ ಹಿಂದೆ ತಮ್ಮ ಮಾತಿಗೆ ತಾವೇ ನಗುತ್ತಿದ್ದರು.

ಶಂಕ್ರಮ್ಮಕ್ಕ ಆಗ ಬಾಯಿ ಬಿಟ್ಟರು. ಪರದೆಯ ಹಿಂದೆ ನಿಂತು ಎಲ್ಲರಿಗೂ ಮಾತು ನೆನಪಿಸುತ್ತಿದ್ದವರು ಅವರೇ.

"ಏನ್ರಿ, ಪ್ರೈಜ್ ಬರಲಿಲ್ಲ, ಬರಲಿಲ್ಲ ಅಂತ ಅವತ್ತಿನಿಂದ ನನ್ನ ತಲಿ ತಿಂದೀರಿ. ಒಂದ್ ಹಬ್ಬ ಬಿಟ್ಟಿಲ್ಲ, ಒಂದ್ ಲಗ್ನ ಬಿಟ್ಟಿಲ್ಲ. ಈಗ ಬಂದಿತ್ತು ಅಂತೀರಿ. ಬಂದಿದ್ರ ನಾ ಇಷ್ಟು ವರ್ಷ ಕೇಳಿದ್ದು ಏನು?"

ಉಪೇಂದ್ರಣ್ಣ ಪೇಪರು ಮಡಚಿಟ್ಟರು.

"ಪ್ರೈಜ್ ಬಂದವರ ನಾಟಕ ಯಾವ್ದು, ಯಾರಿಗರ ನೆನಪೈತೇನು?" ಶಂಕ್ರಮ್ಮಕ್ಕ ಬಿಡಲಿಲ್ಲ. "ಸರ್ಕಾರಿ ಕಾಲು ಅಂದ್ರ ಇವತ್ತಿಗೂ ಕ್ವಾರ್ಟರ್ಸಿನ ಹಳೇ ಮಂದಿ ಹೊಟ್ಟಿ ಹಿಡಕೋತಾರ. ಅದನ್ನ ಬಿಟ್ಟು ಬಾರದ ಪ್ರೈಜು ಬರಸ್ತೀರಿ?"

ನಾನು ಕೈಮುಗಿದೆ. "ಅಣ್ಣಾರ, ನಿಮ್ಮ ದನಿ ಮಷೀನಿಗೆ ಹಾಕೂಕಿಂತ ಮೊದಲ ಕೇಳಬೇಕಾಗಿತ್ತು. ಕೇಳಲಿಲ್ಲ. ಈಗ ಕೇಳಾಕತ್ತೀನಿ."

ಅವರು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಆಮೇಲೆ ನಟನ ಗತ್ತಿನಲ್ಲಿ ಕೈ ಎತ್ತಿ, "ಹಾಕು. ಆದ್ರ ಅದು ಏನ್ ಕೇಳಿಸಿಕೊಂಡಿತು, ನಾ ಏನ್ ಹೇಳಿದೆ, ಎರಡೂ ಬರಿ. ಮುಂದಿನ ಮಂದಿಗೆ ಗೊತ್ತಾಗಲಿ, ಉಪೇಂದ್ರ ಸುಳ್ಳು ಹೇಳಿರಲಿಲ್ಲ ಅಂತ," ಎಂದರು.

ಮೆಟ್ರೊದಲ್ಲಿ ವಾಪಸು ಬರುವಾಗ ನಿಮ್ಮಪ್ಪ ಮೂರು ಸ್ಟೇಷನ್ನಿಗೊಮ್ಮೆ "ಸರ್ಕಾರಿ ಕಾಲು" ಎಂದುಕೊಂಡು ನಗುತ್ತಿದ್ದರು.

ನಿನ್ನ ಪರೀಕ್ಷೆಯ ಕೆಲಸ ಮುಗಿದ ಮೇಲೆ ಬರಿ. ಮುಗಿಯದಿದ್ದರೂ ಬರಿ.

ಅವ್ವ

*

ಯಾದಗಿರಿ
30 ಮಾರ್ಚ್ 2025, ಯುಗಾದಿ

ಅವ್ವಾ,

ಹದಿನೆಂಟು.

ಇಪ್ಪತ್ತಕ್ಕೆ ಹದಿನೆಂಟು ಕೊಟ್ಟಿದ್ದೆ, ಹೇಳದವರಿಗೆ. ನಿನ್ನ ಒಂದು ಸಾಲಿನ ಪತ್ರ ಬಂದ ದಿನವೇ ಕಟ್ಟು ಬಿಚ್ಚಿ ನೋಡಿದೆ. ಹತ್ತಾರು ಅಸೈನ್‌ಮೆಂಟುಗಳಲ್ಲಿ ಒಂದೇ ಧಾಟಿ, ಒಂದೇ ನಯ. ಊರಿನ ಒಬ್ಬರ ಹೆಸರೂ ಇಲ್ಲ. ನನಗೆ ಅನುಮಾನ ಬಂದಿತ್ತು, ಆದರೆ ಸಾಕ್ಷಿಯಿಲ್ಲ ಎಂದು ಬಿಟ್ಟಿದ್ದೆ. ಸಾಕ್ಷಿ ಇದ್ದದ್ದು ರೇಣುಕಾಳ ಹಾಳೆಯಲ್ಲಿ ಮಾತ್ರ, ಅವಳೇ ಬರೆದುಕೊಟ್ಟ ಸಾಕ್ಷಿ. ನಿಜ ಹೇಳಿದವಳಿಗೆ ಸೊನ್ನೆ. ಇದನ್ನು ನಿನಗೆ ಬರೆಯಲು ಕೈ ಬರಲಿಲ್ಲ. ಪರೀಕ್ಷೆಯ ಕೆಲಸ ಅಷ್ಟೇನೂ ಇರಲಿಲ್ಲ.

'ಸರ್ಕಾರಿ ಕಾಲು' ಓದಿ ಒಬ್ಬಳೇ ಕೂತು ನಕ್ಕೆ. ನಕ್ಕ ಮೇಲೆ ಧೈರ್ಯ ಬಂತು.

ಮರುದಿನ ತರಗತಿಯಲ್ಲಿ ಎಲ್ಲರ ಅಸೈನ್‌ಮೆಂಟನ್ನೂ ನನ್ನ ಮೇಜಿನ ಮೇಲಿಟ್ಟುಕೊಂಡು, ಒಬ್ಬೊಬ್ಬರಾಗಿ ಎದ್ದು ನಿಮ್ಮ ವಿಷಯವನ್ನು ಬಾಯಲ್ಲಿ ಹೇಳಿ ಎಂದೆ. ಮೊದಲ ನಾಲ್ವರು ಫ್ಯಾನು ನೋಡಿದರು. ಐದನೆಯವಳು ರೇಣುಕಾ. ಅವ್ವಾ, ಆ ಹುಡುಗಿ ನಿಲ್ಲಿಸಲೇ ಇಲ್ಲ. ಸಂಘದ ಅಧ್ಯಕ್ಷೆ ಬಂಡೆಮ್ಮ ಬ್ಯಾಂಕಿಗೆ ಮೊದಲ ಸಲ ಹೋದಾಗ ಮ್ಯಾನೇಜರು ಕೂರಲು ಹೇಳಲಿಲ್ಲವಂತೆ, ಹತ್ತು ಜನ ಹೆಂಗಸರೂ ನೆಲದ ಮೇಲೆ ಕೂತು ಹಾಡಲು ಶುರುಮಾಡಿದರಂತೆ, ಕುರ್ಚಿ ಬರುವವರೆಗೆ! ತರಗತಿ ಚಪ್ಪಾಳೆ ತಟ್ಟಿತು.

ಆಗ ಹಿಂದಿನ ಬೆಂಚಿನ ಹುಲಗೇಶ ಎದ್ದ. "ಮೇಡಮ್ಮರ, ನಾನೂ ಎಐ ಬಳಸೀನ್ರಿ. ಹೇಳಿದ್ರ ಸೊನ್ನೆ ಅಂದಿದ್ರಿ, ಅದಕ್ಕ ಹೇಳಲಿಲ್ರಿ." ಅವನ ಹಿಂದೆ ಇನ್ನೊಬ್ಬ. ಆಮೇಲೆ ಕೈಗಳು ಏಳುತ್ತಲೇ ಹೋದವು. ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಅವರೂ ನಕ್ಕರು.

"ನನ್ನ ನಿಯಮ ತಪ್ಪಿತ್ತು," ಎಂದೆ. "ರೇಣುಕಾ, ನಿನಗ ಸೊನ್ನೆ ಕೊಟ್ಟಿದ್ದು ತಪ್ಪು."

ಅವಳು ಏನು ಹೇಳಿದಳು ಗೊತ್ತೇ? "ಇರ್ಲಿ ಬಿಡ್ರಿ ಮೇಡಂ. ಮೊದಲಿನ ಎರಡು ಪ್ಯಾರಾ ಹಂಗೂ ಚಂದಿರಲಿಲ್ರಿ."

ಅವಳೇ ಅಂದಂತೆ ಚಂದವಿಲ್ಲದ ಆ ಎರಡು ಪ್ಯಾರಾಕ್ಕೆ ಎರಡಂಕ ಕಳೆದು, ಉಳಿದದ್ದಕ್ಕೆ ಪೂರ್ತಿ ಕೊಟ್ಟೆ. ಅವಳಿಗೂ ಹದಿನೆಂಟೇ ಬಂತು. ಆದರೆ ಇದು ಬೇರೆ ಹದಿನೆಂಟು. ಉಳಿದವರೆಲ್ಲ ಮತ್ತೆ ಬರೆಯುತ್ತಿದ್ದಾರೆ. ಈ ಸಲ ತಮ್ಮ ತಮ್ಮ ಊರಿಗೆ ಹೋಗಿ, ಕೇಳಿ.

ಬೇವು ಬೆಲ್ಲ ತಿಂದೆ. ಈ ವರ್ಷ ಬೇವು ಮೊದಲು ಬಂತು, ಅಷ್ಟೇ.

ನಿನ್ನ ಮಗಳು,
ಸಂಯು

*

ದಿಲ್‌ಸುಖ್‌ನಗರ
20 ಏಪ್ರಿಲ್ 2025

ನನ್ನ ಸಂಯು,

ನಿನ್ನ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಬಾಲ್ಕನಿಯ ಗಿಡಗಳಿಗೆಲ್ಲ ನೀರು ಹಾಕಿದರು. ಬೆಳಿಗ್ಗೆ ಒಮ್ಮೆ ಹಾಕಿಯಾಗಿತ್ತು.

ಪ್ರಬಂಧ ಸಲ್ಲಿಸಿದೆ! ನಮ್ಮ ವಿಭಾಗದಲ್ಲಿ ಈ ವರ್ಷದಿಂದ ಹೊಸ ನಿಯಮ. ಎಐ ಬಳಸಿದ್ದರೆ ಕೊನೆಯಲ್ಲಿ ಒಂದು ಹೇಳಿಕೆ ಬರೆಯಬೇಕು. ಅದನ್ನು ಬರೆಯಲು ಎಲ್ಲರಿಗೂ ಹೆದರಿಕೆ. ಕ್ಯಾಂಟೀನಿನಲ್ಲಿ ಪವನ ಪಿಸುಗುಟ್ಟಿದ, "ಆಂಟಿ, 'ಬಳಸಿಲ್ಲ' ಅಂತ ಒಂದು ಸಾಲು ಬರ್ದು ಬಿಡ್ರಿ. ಎಲ್ಲಾರೂ ಹಂಗಽ ಮಾಡಾಕತ್ತಾರ. ಬಳಸೀನಿ ಅಂದ್ರ ಮಾರ್ಕ್ಸ್ ಹೋಗ್ತಾವ."

"ಹೋದ್ರ ಹೋಗ್ಲಿ ತಮ್ಮಾ. ಈ ವಯಸ್ಸಿನಾಗ ನನಗ ಯಾವ ನೌಕರಿ ಬರೂದೈತಿ?" ಎಂದೆ.

"ನನಗ ಬರೂದೈತ್ರಿ ಆಂಟಿ," ಎಂದ ಪಾಪ. ಹೌದಲ್ಲ, ಎನಿಸಿತು. ನನಗೆ ಸುಲಭ, ಅವನಿಗೆ ಕಷ್ಟ. ಅದಕ್ಕೆ ನಾನೇ ಮೊದಲು ಬರೆದು ಎಲ್ಲರಿಗೂ ತೋರಿಸಿದೆ. ಯಾವ ಎಐ, ಯಾವ ತಿಂಗಳು, ಏನು ಕೇಳಿದೆ, ಏನು ಕೊಟ್ಟಿತು, ಅದರಲ್ಲಿ ಏನನ್ನು ಇಟ್ಟುಕೊಂಡೆ, ಏನನ್ನು ಎಸೆದೆ. ರೆಕಾರ್ಡಿಂಗ್ ಅಕ್ಷರಕ್ಕಿಳಿಸಿದ್ದು ಅದು, ಪ್ರತಿ ಸಾಲನ್ನು ಮತ್ತೆ ಕೇಳಿ ತಿದ್ದಿದ್ದು ನಾನು. ವ್ಯಾಕರಣ ಅದರದ್ದು, ವಾದ ನನ್ನದು. ಮೊದಲ ಸಲ ಉಪೇಂದ್ರ ಅವರನ್ನು ಕೇಳದೆ ದನಿ ಹಾಕಿದ್ದನ್ನೂ ಮುಚ್ಚಿಡಲಿಲ್ಲ. ಕೊನೆಗೆ, ಅದು ಕೊಟ್ಟ ಬಹುಮಾನ ಮತ್ತು ಅವರು ಹೇಳಿದ 'ಬರಬೇಕಾಗಿತ್ತು', ಎರಡನ್ನೂ ಅಕ್ಕಪಕ್ಕ ಇಟ್ಟೆ.

ಅಂಜುಮ್ ಮೇಡಂ ಓದಿ, "ಇದನ್ನು ಓದಿದ ಮೇಲೆ ಉಳಿದ ಎಲ್ಲ ಪುಟಗಳ ಮೇಲೂ ನನಗೆ ನಂಬಿಕೆ ಹೆಚ್ಚಾಯಿತು," ಎಂದರು. ಪವನ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಸಂಜೆ ಅವನ ಪ್ರಬಂಧದ ಕೊನೆಯಲ್ಲೂ ಒಂದು ಹೇಳಿಕೆ ಬಂತು. ನನ್ನದಕ್ಕಿಂತ ಉದ್ದ! ಮೂರು ದಿನದಲ್ಲಿ ತರಗತಿಯ ಮುಕ್ಕಾಲು ಪಾಲು ಬರೆದುಬಿಟ್ಟಿತು.

ಮೇ ಹದಿನಾರಕ್ಕೆ ಮೌಖಿಕ ಪರೀಕ್ಷೆ. ಬರುತ್ತೀಯಾ?

ಅವ್ವ

*

ಯಾದಗಿರಿ
4 ಮೇ 2025

ಅವ್ವಾ,

ಪರೀಕ್ಷಾ ಮೇಲ್ವಿಚಾರಣೆ ಹಾಕಿದ್ದಾರೆ, ಹದಿನಾರಕ್ಕೆ ಬರಲಾಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡ.

ನಾನೂ ರೇಣುಕಾಳೂ ಕೂತು ನಮ್ಮ ಕಾಲೇಜಿಗೆ ಒಂದು ಪುಟದ ನಿಯಮ ಬರೆದೆವು. ಪ್ರಾಂಶುಪಾಲರು ಸಹಿ ಹಾಕಿದರು. ಮೊದಲ ಸಾಲು ಅವಳದ್ದು. "ಸಹಾಯ ಪಡೆದದ್ದನ್ನು ಹೇಳಿದ ಕಾರಣಕ್ಕೆ ಯಾರ ಅಂಕವನ್ನೂ ಕಳೆಯತಕ್ಕದ್ದಲ್ಲ." 'ತಕ್ಕದ್ದಲ್ಲ' ಎಂದೇ ಇರಬೇಕೆಂದು ಹಟ ಹಿಡಿದಳು. ಸರ್ಕಾರಿ ಗತ್ತು ಇರಬೇಕಂತೆ.

ಹದಿನಾರಕ್ಕೆ ಯಾವ ಸೀರೆ? ಆ ನೀಲಿ ಇಳಕಲ್ ಉಡು.

ಸಂಯು

*

ದಿಲ್‌ಸುಖ್‌ನಗರ
18 ಮೇ 2025

ಸಂಯು, ನನ್ನ ಬಂಗಾರ,

ಪಾಸು! ಫೋನಿನಲ್ಲಿ ಅಷ್ಟೇ ಹೇಳಿದೆ. ಉಳಿದದ್ದು ಇಲ್ಲಿದೆ. ಈಗ ಕೈ ನೋಯುವುದಿಲ್ಲ, ಹಾಗಾಗಿ ಉದ್ದವಾಗುತ್ತದೆ.

ನೀಲಿ ಇಳಕಲ್ಲೇ ಉಟ್ಟೆ. ನಿಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನಗಿಂತ ಮೊದಲು ತಯಾರಾಗಿ ಕೂತಿದ್ದರು. ಗಚ್ಚಿಬೌಲಿಯ ಕ್ಯಾಂಪಸ್ಸಿನಲ್ಲಿ ಇಳಿದು ನೋಡಿದರೆ ವಿಭಾಗದ ಮುಂದೆ ಕ್ಯಾಬಿನಿಂದ ಉಪೇಂದ್ರಣ್ಣ ಇಳಿಯುತ್ತಿದ್ದಾರೆ. ಸೂಟು! ಈ ಬಿಸಿಲಲ್ಲಿ! ಹಿಂದೆ ಶಂಕ್ರಮ್ಮಕ್ಕ, ಕೈಯಲ್ಲಿ ಮಂಡಕ್ಕಿಯ ದೊಡ್ಡ ಡಬ್ಬಿ.

ಹೊರಗಿನ ಪರೀಕ್ಷಕರು ವಯಸ್ಸಾದವರು, ಕಡಿಮೆ ಮಾತಿನವರು. ಅರ್ಧ ತಾಸು ಗಂಭೀರವಾಗಿ ಕೇಳಿದರು. ನಾನು ನನ್ನ ಕುಂಟು ಇಂಗ್ಲಿಷಿನಲ್ಲೇ ಹೇಳಿದೆ, ಕುಂಟುತ್ತಲೇ ಗುರಿ ಮುಟ್ಟಿದೆ. ಆಮೇಲೆ ಅವರು ಮೂರನೇ ಅಧ್ಯಾಯ ತೆಗೆದು, "ಈ ಸರ್ಕಾರಿ ಕಾಲಿನ ಪ್ರಸಂಗ..." ಎಂದದ್ದೇ ತಡ, ಹಿಂದಿನ ಸಾಲಿನಿಂದ ಉಪೇಂದ್ರಣ್ಣ ಎದ್ದು ನಿಂತರು. "ಸರ್, ಮೈಂ ಹೂಂ ವೋ ದಾಮಾದ್," ಆ ಅಳಿಯ ನಾನೇ, ಎಂದರು. ಪರೀಕ್ಷಕರು ಕನ್ನಡಕ ತೆಗೆದು ನೋಡಿದರು. ಮುಂದಿನದು ನೀನೇ ಊಹಿಸಿಕೋ. ಹತ್ತು ನಿಮಿಷ ಸೆಮಿನಾರ್ ಹಾಲು ರಂಗಮಂದಿರವಾಯಿತು. ಪವನ ಪೊಲೀಸನಾದ. ಶಂಕ್ರಮ್ಮಕ್ಕ ಕೂತಲ್ಲಿಂದಲೇ ಮಾತು ನೆನಪಿಸಿದರು. ಅಂಜುಮ್ ಮೇಡಂ ಕಣ್ಣೊರೆಸಿಕೊಂಡರು.

ನಗು ನಿಂತ ಮೇಲೆ ಪರೀಕ್ಷಕರು ನನ್ನ ಹೇಳಿಕೆಯ ಪುಟ ತಿರುವಿ ಒಂದು ಪ್ರಶ್ನೆ ಕೇಳಿದರು. "ಯಂತ್ರ ಮಾಡಿದ ಸಣ್ಣ ಸಣ್ಣ ಸಹಾಯವನ್ನೂ ಬರೆದಿದ್ದೀರಿ. ಇಷ್ಟು ಪ್ರಾಮಾಣಿಕವಾಗಿ ಬರೆದದ್ದನ್ನು ನಾನು ಕಂಡಿಲ್ಲ. ಆದರೆ ಅಮ್ಮಾ, ನಿಮಗೆ ಮನುಷ್ಯರು ಯಾರೂ ಸಹಾಯ ಮಾಡಲಿಲ್ಲವೇ?"

ಹೇಳಿಕೆಯ ಗಡಿಬಿಡಿಯಲ್ಲಿ ಕೃತಜ್ಞತೆಯ ಪುಟವನ್ನೇ ಮರೆತಿದ್ದೆ. ಹಿಂದೆ ತಿರುಗಿ ನೋಡಿದೆ. ನಿಮ್ಮಪ್ಪ ಮಂಡಕ್ಕಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಪ್ರತಿ ಪುಟವನ್ನು ಗಟ್ಟಿಯಾಗಿ ಓದಿದಾಗ ಎದುರು ಕೂತು ಕೇಳಿದ್ದು ಅವರು. ಅರ್ಥವಾಗದ ಕಡೆ "ಮತ್ತೊಮ್ಮೆ ಓದು" ಎನ್ನುತ್ತಿದ್ದರು. ನಾನು ಮತ್ತೊಮ್ಮೆ ಓದುವಾಗ ನನಗೇ ತಪ್ಪು ಕಾಣುತ್ತಿತ್ತು.

"ಬೈಂಡ್ ಮಾಡಿಸುವ ಮೊದಲು ಒಂದು ಪುಟ ಸೇರಿಸಿ. ನನ್ನ ಷರತ್ತು ಅದೊಂದೇ," ಎಂದು ಪರೀಕ್ಷಕರು ಸಹಿ ಹಾಕಿದರು.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಆ ಪುಟ ಬರೆಯಲು ಕೂತೆ. ಎಐ ಮುಟ್ಟಲಿಲ್ಲ, ಕುಂಟಲಿ ಎಂದು ಬಿಟ್ಟೆ. ಉಪೇಂದ್ರ, ಶಂಕ್ರಮ್ಮ, ಅಂಜುಮ್ ಮೇಡಂ, ಪವನ. ಯಾದಗಿರಿಯ ರೇಣುಕಾ, ಯಾಕೆ ಎಂದು ನಿನಗೆ ಗೊತ್ತು. ನಿನ್ನ ಹೆಸರನ್ನೂ ಬರೆದೆ, "ಜಗಳವಾಡಿದ್ದಕ್ಕೆ, ಜಗಳ ಬಿಟ್ಟದ್ದಕ್ಕೆ" ಎಂದು. ಆಮೇಲೆ ನಿಮ್ಮಪ್ಪನನ್ನು ಕೇಳಿದೆ, "ನಿಮ್ಮ ಬಗ್ಗೆ ಏನ್ ಬರೀಲಿ?"

"ನಾ ಏನ್ ಮಾಡೀನಿ? ಬರೇ ಕೂತು ಕೇಳೀನಿ," ಎಂದರು.

ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. "ನನ್ನ ಪತಿ ರಾಮದಾಸ. ಕೂತು ಕೇಳಿದರು." ಹಾಳೆಯನ್ನು ಅವರ ಕೈಗೆ ಕೊಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಓದಿದರು. ನಾನು ಕಾಯುತ್ತಾ ನಿಂತೆ. ಕೊನೆಗೆ ಹೇಳಿದರು:

"ಸ್ಪೆಲಿಂಗ್ ತಪ್ಪೈತಿ. ಸರ್ವಿಸ್ ರೆಕಾರ್ಡಿನಾಗ ನನ್ನ ಹೆಸರಿಗೆ ಇನ್ನೊಂದು 'ಎ' ಐತಿ."

ಸೇರಿಸಿದೆ.

ಎಂ.ಎ. ಪಾಸಾದ,
ವನಜಾ